ಭಾನುವಾರದ ಪರೀಕ್ಷೆ

ಹೊಸ ಕೆಲಸಕ್ಕೆ ಸೇರಿದ ಮೊದಲ ವಾರವೇ ನಾನು ಇನ್ನೊಂದು ಕೆಲಸ ಹುಡುಕಲು ಶುರು ಮಾಡಿದೆ. ತಲೆ ಕೆಟ್ಟಿರಲಿಲ್ಲ. ಸೊಕ್ಕೂ ಇರಲಿಲ್ಲ. ಆ ಬಟ್ಟೆ ಹೊಲಿಯುವ ಕಾರ್ಖಾನೆಯ ಗೇಟಿನಲ್ಲಿ ಒಂದು ತಗಡಿನ ಟ್ರೇ ಇತ್ತು. ಅದನ್ನು ನೋಡಿದ ಯಾರಿಗೇ ಆದರೂ ಹಾಗೇ ಅನ್ನಿಸುತ್ತಿತ್ತು.

ಸಂಜೆ ಹೊರಗೆ ಹೋಗುವಾಗ ಕೊರಳಿನ ಕಾರ್ಡು ತೆಗೆದು ಆ ಟ್ರೇಗೆ ಹಾಕಬೇಕು. ಬೆಳಿಗ್ಗೆ ಬಂದು ಅದರಿಂದಲೇ ಹುಡುಕಿ ತೆಗೆದುಕೊಳ್ಳಬೇಕು. ಕಾರ್ಡು ಸಿಕ್ಕರೆ ಕೆಲಸ ಇದೆ. ಸಿಗದಿದ್ದರೆ ಇಲ್ಲ. ಯಾರೂ ಕರೆದು ಹೇಳುವುದಿಲ್ಲ, ಯಾಕೆ ಎಂದು ಕೇಳಲು ಯಾರೂ ಎದುರಿಗಿರುವುದಿಲ್ಲ. ಗೇಟು ತೆಗೆಯುತ್ತಲೇ ಹೆಂಗಸರೆಲ್ಲ ಆ ಟ್ರೇಗೆ ಮುಗಿಬೀಳುತ್ತಿದ್ದರು. ನೂರಾರು ಫೋಟೋಗಳ ನಡುವೆ ನನ್ನ ಮುಖವನ್ನು ನಾನೇ ಹುಡುಕಿಕೊಳ್ಳಬೇಕಿತ್ತು. ಸಿಕ್ಕ ಕೂಡಲೇ ಒಂದು ಉಸಿರು. ಆಮೇಲೆ ಆ ಉಸಿರಿನ ಮೇಲೇ ನಾಚಿಕೆ.

ನಾನು ಸೇರಿದ ಮೂರನೆಯ ಬೆಳಿಗ್ಗೆಯೋ ನಾಲ್ಕನೆಯದೋ, ಗುಂಡಿ ಹಚ್ಚುವ ಹೆಂಗಸೊಬ್ಬಳಿಗೆ ಕಾರ್ಡು ಸಿಗಲಿಲ್ಲ. ಮತ್ತೆ ಮತ್ತೆ ಹುಡುಕಿದಳು. ಟ್ರೇಯನ್ನು ಎತ್ತಿ ಅದರ ಕೆಳಗೂ ನೋಡಿದಳು. ಕಾವಲುಗಾರ, "ಇಲ್ಲ ಅಂದ್ರೆ ಇಲ್ಲ ಕಣಮ್ಮ, ಜಾಗ ಬಿಡು" ಎಂದ. ಅವಳ ಕೈಯಲ್ಲಿ ಬುತ್ತಿ ಡಬ್ಬಿ ಇತ್ತು. ಹಿಂದಿನ ಸಂಜೆಯವರೆಗೆ ನಮ್ಮ ಜೊತೆ ಕೆಲಸ ಮಾಡಿದವಳು, ಆ ಡಬ್ಬಿ ಹಿಡಿದುಕೊಂಡು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅಲ್ಲೇ ನಿಂತಿದ್ದಳು. ನಾವು ಅವಳನ್ನು ಬಳಸಿಕೊಂಡು ಒಳಗೆ ಹೋದೆವು.

ಹೊಲಿಗೆ ಕೂತು ಮಾಡುವ ಕೆಲಸ, ಅದರಲ್ಲೇನು ಕಷ್ಟ ಎನ್ನುವವರಿದ್ದಾರೆ. ಅವರನ್ನು ಬೆನ್ನಿಗೆ ಆಸರೆ ಇಲ್ಲದ ಸ್ಟೂಲಿನ ಮೇಲೆ ಒಂದು ದಿನ ಕೂರಿಸಬೇಕು. ಮಧ್ಯಾಹ್ನದ ಹೊತ್ತಿಗೆ ಕುತ್ತಿಗೆ ಮರಗಟ್ಟುತ್ತದೆ. ನೀಲಿ ಬಟ್ಟೆಯ ಧೂಳು ಮೂಗಿನಲ್ಲಿ ಸೇರಿ ಸೀನಿದರೆ ನೀಲಿ ಬರುತ್ತದೆ. ಬೆರಳಿಗೆ ಸೂಜಿ ಹೊಕ್ಕರೆ ಮೊದಲು ಬಟ್ಟೆಗೆ ರಕ್ತ ತಾಗಿತೇ ಎಂದು ನೋಡಬೇಕು, ಆಮೇಲೆ ಬೆರಳು. ನೀರು ಕುಡಿದರೆ ಎದ್ದು ಹೋಗಬೇಕಾಗುತ್ತದೆ ಎಂದು ನೀರೇ ಕುಡಿಯದೆ, ಉರಿ ಮೂತ್ರ ತರಿಸಿಕೊಂಡವರು ನಮ್ಮ ಸಾಲಿನಲ್ಲೇ ಐದಾರು ಜನ ಇದ್ದರು.

ನಮ್ಮ ಸಾಲಿನ ಸೂಪರ್‌ವೈಸರನಿಗೆ ನಾವು ಗಡಿಯಾರ ಎಂದು ಹೆಸರಿಟ್ಟಿದ್ದೆವು. ಬೆನ್ನ ಹಿಂದೆ ನಿಂತು ಕೈಗಡಿಯಾರ ನೋಡುವುದೇ ಅವನ ಕೆಲಸ. ಒಂದು ಕಾಲರ್ ಹೊಲಿಯಲು ಎಷ್ಟು ಹೊತ್ತು ಹಿಡಿಯಿತು, ಒಂದು ಸಲ ಮೂಗು ಒರೆಸಲು ಎಷ್ಟು ಹೊತ್ತು ಹಿಡಿಯಿತು, ಎಲ್ಲವೂ ಅವನಿಗೆ ಲೆಕ್ಕ. ನನಗೆ ಅವನು ಇಟ್ಟ ಹೆಸರು ಬಾಯಾಳಿ. ಅದು ಸುಳ್ಳಲ್ಲ ಬಿಡಿ.

ನನ್ನ ಪಕ್ಕದ ಮಿಷನ್ನಿನವಳನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಕೂದಲಿಗೆ ಬಣ್ಣ ಹಚ್ಚಿ ವಯಸ್ಸು ಮುಚ್ಚಿಟ್ಟಿದ್ದಳು. ನಾನು ಸೇರಿದ ದಿನ, "ನೀವು ಎಷ್ಟು ವರ್ಷದಿಂದ ಇದ್ದೀರಾ ದೊಡ್ಡಕ್ಕ?" ಎಂದು ಕೇಳಿದೆ.

"ಏಳು ವರ್ಷದಿಂದ."

"ಹಾಗಾದ್ರೆ ಕಾಯಂ ಆಗಿರಬೇಕು."

"ಎಲ್ಲಿ ಕಾಯಂ? ನಾನೂ ಹೊಸಬಳೇ ಕಣೇ. ವರ್ಷ ತುಂಬೋಕೆ ಮುಂಚೆ ಕಾರ್ಡು ತೆಗೆದಿಡ್ತಾರೆ. ಹತ್ತು ದಿನ ಮನೇಲಿ ಕೂರಬೇಕು. ಆಮೇಲೆ ಬಂದು, ಹೊಸದಾಗಿ ಫೋಟೋ ಕೊಟ್ಟು, ಹೊಸದಾಗಿ ಸೇರಬೇಕು. ಏಳು ವರ್ಷದಿಂದ ಹೊಸಬಳು ನಾನು" ಎಂದು ನಕ್ಕಳು. ನಗುವಾಗಲೂ ಅವಳ ಕೈ ನಿಲ್ಲಲಿಲ್ಲ.

ಅವತ್ತೇ ನಾನು ತೀರ್ಮಾನ ಮಾಡಿದ್ದು. ಇಲ್ಲಿ ಬೇರು ಬಿಡಲು ಆಗುವುದಿಲ್ಲ. ಬೇರೆ ಕಡೆ ನೋಡಲೇಬೇಕು.

ನನಗೆ ಗಟ್ಟಿ ಕೆಲಸ ಬೇಕಾಗಿದ್ದುದು ಒಂದೇ ಕಾರಣಕ್ಕೆ, ನನ್ನ ಮಗಳಿಗೆ. ಅವಳಿಗೆ ಒಂಬತ್ತು ವರ್ಷ. ಅವಳಪ್ಪ ನಮ್ಮನ್ನು ಬಿಟ್ಟು ಹೋದ ಮೇಲೆ ಅವಳು ನನ್ನ ಅಣ್ಣನ ಮನೆಯಲ್ಲಿದ್ದಾಳೆ. ಎರಡು ಸಲ ನನ್ನ ಕೋಣೆಗೆ ಕರೆತಂದಿದ್ದೆ. ಎರಡು ಸಲವೂ ಕೆಲಸ ಹೋಗಿ, ಬಾಡಿಗೆ ನಿಂತು, ಮತ್ತೆ ಅಣ್ಣನ ಮನೆಗೆ ಬಿಟ್ಟು ಬಂದಿದ್ದೆ. ಎರಡನೆಯ ಸಲ ನನ್ನ ಕೋಣೆಗೆ ಬಂದಾಗ ಅವಳು ತನ್ನ ಬಟ್ಟೆಗಳನ್ನು ಚೀಲದಿಂದ ತೆಗೆಯಲೇ ಇಲ್ಲ. ಬೇಕಾದ ಅಂಗಿ ಎಳೆದುಕೊಂಡು ಹಾಕಿಕೊಳ್ಳುವುದು, ಒಗೆದು ಒಣಗಿಸಿ ಮತ್ತೆ ಚೀಲಕ್ಕೇ ತುಂಬುವುದು.

ಅತ್ತಿಗೆ ಕೆಟ್ಟವಳಲ್ಲ. ಎರಡು ಕೋಣೆಯ ಮನೆ, ಅವಳದೇ ಮೂರು ಮಕ್ಕಳು. ಈ ಕೆಲಸ ಸಿಕ್ಕಿತು, ಮಗಳನ್ನು ಕರೆದುಕೊಂಡು ಹೋಗುತ್ತೇನೆ ಎಂದು ಹೇಳಲು ಹೋದಾಗ ಬಾಗಿಲಲ್ಲೇ ನಿಂತು ಕೇಳಿದಳು.

"ಈ ಕೆಲಸ ಗಟ್ಟಿನಾ?"

"ಈಗಷ್ಟೇ ಸೇರಿದ್ದೀನಿ ಅತ್ತಿಗೆ."

"ಗಟ್ಟಿ ಆದ್ಮೇಲೆ ಬಾ. ಇವತ್ತು ಕರ್ಕೊಂಡು ಹೋಗೋದು, ನಾಕು ತಿಂಗಳಿಗೆ ತಂದು ಬಿಡೋದು. ಸ್ಕೂಲು ಬಿಡಿಸೋದು, ಸೇರಿಸೋದು. ಮಗು ಏನು ಮೂಟೆನಾ? ನಿಂಗೆ ಬೇಜಾರಾದ್ರೂ ಪರವಾಗಿಲ್ಲ, ನಾನು ಹೇಳೋದು ಹೇಳ್ತೀನಿ."

ಅಣ್ಣ ಒಳಗೆ ಟೀವಿಯ ಸದ್ದು ಜಾಸ್ತಿ ಮಾಡಿಕೊಂಡ. ಅತ್ತಿಗೆಯ ಮಾತಿನಲ್ಲಿ ತಪ್ಪಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ಉರಿಯಿತು.

ಕೆಲಸ ಇರುವವಳು ಕೆಲಸ ಹುಡುಕುವುದೆಂದರೆ ಗಂಡ ಇರುವವಳು ಗಂಡು ಹುಡುಕಿದ ಹಾಗೆ. ಯಾರ ಕಣ್ಣಿಗೂ ಬೀಳಬಾರದು. ಊಟದ ಬಿಡುವಿನಲ್ಲಿ ಕಕ್ಕಸಿಗೆ ಹೋಗಿ, ಬಾಗಿಲು ಹಾಕಿ, ನಲ್ಲಿ ಬಿಟ್ಟು ಫೋನು ಮಾಡುತ್ತಿದ್ದೆ. "ಅದೇನಮ್ಮ ಅಷ್ಟೊಂದು ನೀರಿನ ಸದ್ದು?" ಎಂದ ಒಬ್ಬ. "ಮಳೆ ಸಾರ್" ಎಂದೆ. ಹೊರಗೆ ಸುಡು ಬಿಸಿಲು.

ಚೀಲ ಹೊಲಿಯುವ ಕಡೆ ಹೋದೆ. ಈಗ ಎಲ್ಲಿದ್ದೀಯ ಎಂದರು. ಹೇಳಿದೆ. ಸೇರಿ ಎಷ್ಟು ದಿನ ಎಂದರು. ಅದನ್ನೂ ಹೇಳಿದೆ. "ಅಷ್ಟು ಬೇಗ ಅಲ್ಲಿ ಬಿಡೋಳು ಇಲ್ಲಿ ನಿಲ್ತೀಯಾ?" ಎಂದು ಕಳಿಸಿದರು. ಮುಂದಿನ ಕಡೆ ಬುದ್ಧಿ ಉಪಯೋಗಿಸಿ, ಎಲ್ಲೂ ಕೆಲಸ ಇಲ್ಲ ಎಂದೆ. "ಯಾರೂ ಇಟ್ಕೊಂಡಿಲ್ಲ ಅಂದ್ಮೇಲೆ ಏನೋ ಐಬಿರಬೇಕು" ಎಂದರು. ಡಬ್ಬಿ ತುಂಬುವ ಕಡೆ, ಮಕ್ಕಳಿದ್ದಾರಾ ಎಂದರು. ಒಬ್ಬಳಿದ್ದಾಳೆ ಎಂದೆ. ಮಕ್ಕಳಿಗೆ ಜ್ವರ ಬರುತ್ತದೆ, ನೀನು ರಜೆ ಹಾಕುತ್ತೀಯ ಎಂದರು. ಅದಾದ ಮೇಲಿನ ಕಡೆ, ಮಕ್ಕಳಿಲ್ಲ ಎಂದೆ. ಹೇಳುವಾಗ ನಾಲಿಗೆ ಹೊರಳಲಿಲ್ಲ. ಆ ಪುಣ್ಯಾತ್ಮ, "ಹಾಗಾದ್ರೆ ಮುಂದೆ ಆಗುತ್ತೆ, ಆಗ ಬಿಟ್ಟು ಹೋಗ್ತೀಯ" ಎಂದ. ಮಗಳನ್ನು ಇಲ್ಲ ಎಂದದ್ದೂ ದಂಡವಾಯಿತು. ಅತ್ತ ದರಿ ಇತ್ತ ಪುಲಿ ಎನ್ನುತ್ತಾರಲ್ಲ, ನನಗೆ ಎರಡೂ ಕಡೆ ಪುಲಿಯೇ ಕೂತಿತ್ತು.

ಕೊನೆಗೆ ನಾಚಿಕೆ ಬಿಟ್ಟು ಗಡಿಯಾರನನ್ನೇ ಕೇಳಿದೆ. ಸಾರ್, ಹೀಗೆ ಹೀಗೆ, ಮಗಳು ಬೇರೆಯವರ ಮನೆಯಲ್ಲಿದ್ದಾಳೆ, ನನ್ನನ್ನು ಕಾಯಂ ಮಾಡಿಸಿದರೆ ನಿಮ್ಮ ಹೆಸರು ಹೇಳಿಕೊಂಡು ಬದುಕುತ್ತೇನೆ. ಅವನು ಕೈಗಡಿಯಾರ ನೋಡಿಕೊಂಡು, "ನೋಡೋಣ. ಮೊದ್ಲು ಬಾಯಿ ಕಮ್ಮಿ ಮಾಡು" ಎಂದ.

ಆ ವಾರವೇ ಬಸ್ ನಿಲ್ದಾಣದ ಕಂಬದಲ್ಲಿ ಕಾಗದ ಅಂಟಿಸಿದ್ದು ಕಂಡಿತು. ನುರಿತ ಹೊಲಿಗೆಯ ಹೆಂಗಸರು ಬೇಕಾಗಿದ್ದಾರೆ. ಕಾಯಂ ಕೆಲಸ. ಭಾನುವಾರ ಪರೀಕ್ಷೆ. ಕಾಯಂ ಎಂಬುದನ್ನು ದಪ್ಪಕ್ಷರದಲ್ಲಿ ಬರೆದಿದ್ದರು. ದೊಡ್ಡಕ್ಕನ ಕಿವಿಯಲ್ಲಿ ಹೇಳಿದೆ.

"ಎಚ್ಚರ ಕಣೇ" ಎಂದಳು. "ಎರಡು ದೋಣಿ ಮೇಲೆ ಕಾಲಿಟ್ಟು ನೀರಿಗೆ ಬಿದ್ದೀಯ."

"ಇರೋ ದೋಣಿಗೆ ತಳಾನೇ ಇಲ್ವಲ್ಲ ದೊಡ್ಡಕ್ಕ."

"ಅದೂ ನಿಜ ಬಿಡು" ಎಂದು ನೂಲು ಕತ್ತರಿಸಿದಳು. "ಭಾನುವಾರ ಓಟಿ ಇದ್ರೆ ಹೆಂಗ್ ಹೋಗ್ತೀಯ?"

ಓಟಿ ಇದ್ದೇ ಇರುತ್ತದೆ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಸೋಮವಾರ ಮಾಲು ಲಾರಿಗೆ ಹೋಗಬೇಕಿತ್ತು. ನೀಲಿ ಅಂಗಿಗಳು, ರಾಶಿ ರಾಶಿ, ಇನ್ನೂ ಕಾಲರ್ ಕೂಡ ಕೂರಿಸಿರಲಿಲ್ಲ. ಅಂಥ ಹೊತ್ತಿನಲ್ಲಿ ಭಾನುವಾರ ಕರೆದು ದುಡಿಸಿದರೆ ದುಪ್ಪಟ್ಟು ಕೂಲಿ ಕೊಡಬೇಕು. ಅದೊಂದೇ ನಮಗೆ ಸಿಗುತ್ತಿದ್ದ ಸಿಹಿ. ಶುಕ್ರವಾರ ನಾನು ಕಾಲರ್ ಹೊಲಿಯುತ್ತಿದ್ದಾಗ ಮಿಷನ್ನಿನ ಕೆಳಗಿನ ಬಾಬಿನ್‌ಗೆ ಸುತ್ತಲು ನೀಲಿ ನೂಲು ಮುಗಿದುಹೋಯಿತು. ಎದ್ದು ಕೇಳಿದೆ. ಗಡಿಯಾರ ಕೈಗೆ ಸಿಕ್ಕಿದ ಹಸಿರು ನೂಲು ಕೊಟ್ಟು, "ಕಾಲರ್ ಅಡಿ ಯಾರು ಬಗ್ಗಿ ನೋಡ್ತಾರೆ? ಹೊಲಿ" ಎಂದ. ಮೇಲೆ ನೀಲಿ, ಅಡಿಯಲ್ಲಿ ಹಸಿರು. ಸಂಜೆಯವರೆಗೆ ಹಾಗೇ ಹೊಲಿದೆ.

ಶನಿವಾರ ಸಂಜೆ ಅವನು ನಡುವೆ ನಿಂತು ಹೇಳಿದ. "ನಾಳೆ ಓಟಿ ಇಲ್ಲ. ಎಲ್ಲಾ ಮನೇಲಿ ಆರಾಮಾಗಿರಿ."

ಆರಾಮ ಎಂಬ ಮಾತು ಅವನ ಬಾಯಲ್ಲಿ ಬಂದದ್ದಕ್ಕೆ ಎಲ್ಲರೂ ಮುಖ ಮುಖ ನೋಡಿಕೊಂಡರು. ದುಡ್ಡು ಹೋಯಿತೆಂದು ದೊಡ್ಡಕ್ಕ ಗೊಣಗಿದಳು. ನನಗೆ ಒಳಗೊಳಗೇ ಖುಷಿ. ದಾರಿ ತಾನಾಗಿಯೇ ತೆರೆದುಕೊಂಡಿತಲ್ಲ ಎಂದು.

ಭಾನುವಾರ ಒಳ್ಳೆಯ ಬಟ್ಟೆ ಹಾಕಿಕೊಂಡು, ಎರಡು ಬಸ್ಸು ಬದಲಿಸಿ ಹೋದೆ. ಊರಿನ ಇನ್ನೊಂದು ತುದಿ. ಟಯರ್ ಅಂಗಡಿಗಳ ಹಿಂದೆ ಒಂದು ಉದ್ದನೆಯ ಶೆಡ್ಡು, ಶಟರ್ ಅರ್ಧ ಎತ್ತಿತ್ತು. ಬಗ್ಗಿ ಒಳಗೆ ಹೋಗಬೇಕು. ಒಳಗೆ ಮೂವತ್ತು ನಲವತ್ತು ಹೆಂಗಸರು, ಅಷ್ಟೇ ಮಿಷನ್ನುಗಳು. ಪರೀಕ್ಷೆ ನಡೆಸುವವನು ಮೈತುಂಬ ಸೆಂಟು ಹಾಕಿಕೊಂಡಿದ್ದ. "ಬನ್ನಿ ತಾಯಂದಿರೇ, ಕೂತ್ಕೊಳ್ಳಿ" ಎಂದ. ಯಾರಾದರೂ ತಾಯಿ ಎಂದರೆ ನನಗೆ ಮೊದಲು ನನ್ನ ಚೀಲ ಮುಟ್ಟಿ ನೋಡಿಕೊಳ್ಳುವ ಅಭ್ಯಾಸ. ಅವತ್ತು ಮುಟ್ಟಿ ನೋಡಲಿಲ್ಲ. ಆಸೆ ಕಣ್ಣು ಕಟ್ಟಿತ್ತು.

ಫೋನುಗಳನ್ನು ಒಂದು ಬುಟ್ಟಿಗೆ ಹಾಕಿಸಿಕೊಂಡರು. ಶಟರ್ ಎಳೆದರು. ಎಲ್ಲರ ಮುಂದೆ ಒಂದೊಂದು ಬಂಡಲ್ ಬಿತ್ತು. ಕಾಲರ್ ಒಂದು ಕಡೆ, ಅಂಗಿಯ ಮೈ ಒಂದು ಕಡೆ. ಇಲ್ಲೂ ನೀಲಿಯೇ, ನೀಲಿ ಅಂಗಿ ಯಾರು ತಾನೇ ಹೊಲಿಸುವುದಿಲ್ಲ ಎಂದುಕೊಂಡೆ. ಜೋಡಿಸಿ ತೋರಿಸಬೇಕು.

"ಯಾರು ಬೇಗ ಮಾಡ್ತಾರೋ, ಯಾರದ್ದು ನೀಟಾಗಿರುತ್ತೋ, ಅವರಿಗೆ ಕೆಲಸ. ಮಾತಾಡಿದ್ರೆ ಫೇಲ್. ಎದ್ದು ಓಡಾಡಿದ್ರೆ ಫೇಲ್."

ಶುರು ಮಾಡಿದೆವು. ಅವತ್ತು ನಾವು ಹೊಲಿದ ಹಾಗೆ ಕೂಲಿ ಕೊಟ್ಟರೂ ಯಾರೂ ಹೊಲಿಯುವುದಿಲ್ಲ. ಪಕ್ಕದವಳನ್ನು ಕಡೆಗಣ್ಣಿನಲ್ಲಿ ನೋಡುವುದು, ಅವಳಿಗಿಂತ ಒಂದು ಕಾಲರ್ ಮುಂದೆ ಹೋಗುವುದು. ಅವಳು ನನ್ನನ್ನು ನೋಡುವುದು, ಕಾಲು ಇನ್ನೂ ಬಲವಾಗಿ ಒತ್ತುವುದು. ಹಿಂದೆ ನಿಂತು ಅವಸರ ಮಾಡಲು ಯಾರೂ ಬೇಕಾಗಿರಲಿಲ್ಲ. ಒಂದು ಬಂಡಲ್ ಮುಗಿಯುತ್ತಲೇ ಸೆಂಟಿನವನು ಇನ್ನೊಂದು ತಂದು ಹಾಕುತ್ತಿದ್ದ. "ಶಭಾಷ್" ಎನ್ನುತ್ತಿದ್ದ. ನಾಯಿಗೆ ಬಿಸ್ಕತ್ತು ಹಾಕಿದ ಹಾಗೆ ಆ ಶಭಾಷು. ನಾನೂ ಬಾಲ ಅಲ್ಲಾಡಿಸಿದೆ.

ಊಟದ ಹೊತ್ತಾಯಿತು. ಊಟಕ್ಕೆ ಬಿಡಲಿಲ್ಲ. ಪರೀಕ್ಷೆಯಲ್ಲಿ ಊಟ ಎಲ್ಲಿರುತ್ತದೆ? ಕುತ್ತಿಗೆ ಮರಗಟ್ಟಿತು, ಬೆನ್ನು ಉರಿಯತೊಡಗಿತು. ನಾಲ್ಕನೆಯ ಬಂಡಲ್ ಬಿಚ್ಚಿ ಒಂದು ಕಾಲರ್ ತಿರುಗಿಸಿ ನೋಡಿದೆ. ಅಡಿಯಲ್ಲಿ ಹಸಿರು ನೂಲು.

ಇನ್ನೊಂದು ತಿರುಗಿಸಿದೆ. ಹಸಿರು. ಮತ್ತೊಂದು. ಹಸಿರು.

ಕೈ ನಿಂತುಹೋಯಿತು. ಅವು ನನ್ನ ಹೊಲಿಗೆಗಳು. ಶುಕ್ರವಾರ ನಮ್ಮ ಕಾರ್ಖಾನೆಯಲ್ಲಿ, ನನ್ನ ಮಿಷನ್ನಿನ ಮೇಲೆ, ನಾನು ಹೊಲಿದ ಕಾಲರ್‌ಗಳು. ಮಿಕ್ಕಿದ್ದೆಲ್ಲ ಹೊಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಸೋಮವಾರದ ಲಾರಿ. ಇಲ್ಲದ ಓಟಿ. ಆರಾಮಾಗಿರಿ ಎಂಬ ಮಾತು. ನಮ್ಮನ್ನು ಕರೆದರೆ ದುಪ್ಪಟ್ಟು ಕೂಲಿ ಕೊಡಬೇಕಾಗುತ್ತದೆಂದು ಕಂಬಕ್ಕೆ ಕಾಗದ ಅಂಟಿಸಿ, ಕಾಯಂ ಎಂದು ಬರೆದು, ಮೂಗಿಗೆ ತುಪ್ಪ ಸವರಿ, ಕೆಲಸವಿಲ್ಲದವರಿಂದ ಬಿಟ್ಟಿ ಚಾಕರಿ ಮಾಡಿಸುತ್ತಿದ್ದರು. ದುಪ್ಪಟ್ಟು ಕೂಲಿಗೆ ಮಾಡಬೇಕಾಗಿದ್ದ ಕೆಲಸವನ್ನು ನಾನು ಬಸ್ಸಿಗೆ ದುಡ್ಡು ಕೊಟ್ಟು ಬಂದು, ಉಪವಾಸವಿದ್ದು, ಪಕ್ಕದವಳ ಜೊತೆ ಜಿದ್ದಿಗೆ ಬಿದ್ದು, ಪುಕ್ಕಟೆ ಮಾಡುತ್ತಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಅಷ್ಟರಲ್ಲಿ ಶಟರ್ ಎತ್ತಿದ ಸದ್ದಾಯಿತು. ಬಗ್ಗಿ ಒಳಗೆ ಬಂದವನು ಗಡಿಯಾರ. ಮುಗಿದ ಬಂಡಲ್‌ಗಳನ್ನು ಎಣಿಸಿಕೊಂಡು ಸಾಲಿನ ನಡುವೆ ಬಂದ. ನನ್ನನ್ನು ಕಂಡ. ಮುಖ ಕಪ್ಪಿಟ್ಟಿತು.

"ನೀನಾ? ಇಲ್ಲೇನ್ ಮಾಡ್ತಿದ್ದೀಯ?"

"ನೀವೇನ್ ಮಾಡ್ತಿದ್ದೀರಾ ಸಾರ್?"

ಹತ್ತಿರ ಬಂದು ದನಿ ತಗ್ಗಿಸಿದ. "ಸೇರಿ ತಿಂಗಳಾಗಿಲ್ಲ, ಆಗ್ಲೇ ಬೇರೆ ಕಡೆ ಹೋಗೋಕೆ ನೋಡ್ತೀಯಾ? ಉಂಡ ಮನೆ ಗಳ ಎಣಿಸ್ತೀಯಾ?"

ಉಂಡ ಮನೆಯಂತೆ. ಬೆಳಿಗ್ಗೆಯಿಂದ ಒಂದು ತುತ್ತು ಕೂಡ ಕಂಡಿರಲಿಲ್ಲ ನಾನು. ಕಾಲರ್ ತಿರುಗಿಸಿ ಹಸಿರು ನೂಲು ತೋರಿಸಿದೆ. ಅವನು ಅದನ್ನು ನೋಡಿದ, ನನ್ನನ್ನು ನೋಡಿದ. ಅವನಿಗೂ ಅರ್ಥವಾಯಿತು. ಬೈಯುವುದನ್ನು ಅಲ್ಲಿಗೇ ನಿಲ್ಲಿಸಿ ಬೇರೆ ದನಿ ತೆಗೆದ. ಅಷ್ಟು ಮೆತ್ತಗಿನ ದನಿ ಅವನಲ್ಲಿದೆಯೆಂದೇ ನನಗೆ ಗೊತ್ತಿರಲಿಲ್ಲ.

"ನೋಡು, ಬಾಯಿ ಮುಚ್ಕೊಂಡು ಹೊಲಿ. ನಿನ್ನ ವಿಷ್ಯ ನಾನು ಮೇಲಿನೋರಿಗೆ ಹೇಳ್ತೀನಿ. ಈ ವಾರದಲ್ಲೇ ಕಾಯಂ ಮಾಡಿಸ್ತೀನಿ. ನಿಂಗೆ ಮಗಳಿದ್ದಾಳೆ ಅಂದಿದ್ದೆ ಅಲ್ವಾ? ಮಗಳ ಮೇಲೆ ಆಣೆ."

ನನ್ನ ಮಗಳ ಮೇಲೆ ಆಣೆ ಇಡುತ್ತಿದ್ದ. ತನ್ನ ಮಗಳ ಮೇಲಲ್ಲ.

ಆದರೂ ನಾನು ಕೂತೆ. ಹೌದು, ಕೂತೆ. ಕಾಯಂ ಎಂಬ ಒಂದು ಮಾತಿಗೆ ನನ್ನ ಬಾಯಿ ಮುಚ್ಚಿಹೋಯಿತು. ಇವನು ಒಂದು ವೇಳೆ ನಿಜ ಹೇಳುತ್ತಿದ್ದರೆ? ಅತ್ತಿಗೆಯ ಬಾಗಿಲಲ್ಲಿ ನಿಂತು ಗಟ್ಟಿಯಾಯಿತು ಎನ್ನಬಹುದು. ಮಗಳ ಕೈ ಹಿಡಿದುಕೊಂಡು ಬರಬಹುದು. ಕಾಲರ್ ಇಟ್ಟು ಮಿಷನ್ನು ಒತ್ತಿದೆ. ಒಂದು ಅಂಗಿ. ಇನ್ನೊಂದು ಅಂಗಿ. ಗಡಿಯಾರ ದೂರದಿಂದ ನೋಡಿ ತಲೆಯಾಡಿಸಿದ.

ಪಕ್ಕದವಳು ತುಟಿ ಅಲುಗಿಸದೆ ಕೇಳಿದಳು. "ಅವರು ನಿಮ್ಮ ಪರಿಚಯದವರಾ ಅಕ್ಕಾ?"

ನಾನು ಮುಂದಿನ ಕಾಲರ್ ಎಳೆದುಕೊಂಡೆ.

"ನನ್ನದೂ ಒಂದು ಮಾತು ಹೇಳ್ತೀರಾ? ಪುಣ್ಯ ಬರುತ್ತೆ. ಬಾಡಿಗೆ ಮನೆ ಬಿಡಿಸಿಬಿಟ್ಟಿದ್ದಾರೆ."

ಅದೇ ಹೊತ್ತಿಗೆ ಮುಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಕೈ ಎತ್ತಿದಳು. ನನ್ನ ಅಮ್ಮನ ವಯಸ್ಸಿಗೆ ಹತ್ತಿರದವಳು. ಒಂದು ನಿಮಿಷ ಹೊರಗೆ ಹೋಗಿ ಬರಬೇಕು ಸಾರ್ ಎಂದಳು. ಸೆಂಟಿನವನು ತಿರುಗಿ ಕೂಡ ನೋಡದೆ, "ಎದ್ರೆ ಫೇಲ್ ಅಂದಿದ್ದೆ ಅಲ್ವಾ?" ಎಂದ. ಅವಳು ಕೈ ಇಳಿಸಿ ಮತ್ತೆ ಹೊಲಿಯತೊಡಗಿದಳು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ನೋಡಿದೆ. ಅವಳು ಹೊಲಿಗೆ ನಿಲ್ಲಿಸಿ, ಕಾಲ ಬಳಿ ಇದ್ದ ನೀರಿನ ಬಾಟಲಿ ಎತ್ತಿಕೊಂಡಳು. ಕುಡಿಯಲಿಲ್ಲ. ಸುತ್ತ ಒಮ್ಮೆ ನೋಡಿ, ಮುಚ್ಚಳ ತೆಗೆದು, ಕೈ ತಪ್ಪಿದವಳ ಹಾಗೆ ಪೂರ್ತಿ ನೀರನ್ನು ತನ್ನ ಮಡಿಲ ಮೇಲೆ ಸುರಿದುಕೊಂಡಳು.

"ಅಯ್ಯೋ, ನೀರು ಚೆಲ್ಲಿಹೋಯ್ತು" ಎಂದಳು, ಎಲ್ಲರಿಗೂ ಕೇಳುವ ಹಾಗೆ.

ನೀರು ಬೀಳುವ ಮೊದಲೇ ಬಟ್ಟೆ ಯಾಕೆ ಒದ್ದೆಯಾಗಿತ್ತೆಂದು ನನಗೆ ಗೊತ್ತಾಯಿತು. ಅವಳ ಅಕ್ಕಪಕ್ಕದವರಿಗೂ ಗೊತ್ತಾಯಿತು. ಯಾರೂ ತಲೆ ಎತ್ತಲಿಲ್ಲ. ಅವಳು ಒದ್ದೆಯಲ್ಲೇ ಕೂತು ಮುಂದಿನ ಕಾಲರ್ ಕೈಗೆತ್ತಿಕೊಂಡಳು.

ಬಡವರ ಸಿಟ್ಟು ದವಡೆಗೆ ಮೂಲ ಎಂದು ನನ್ನ ಅಮ್ಮ ಸಾಯುವವರೆಗೂ ಹೇಳುತ್ತಿದ್ದಳು. ದವಡೆ ಹೋದರೆ ಹೋಗಲಿ ಎನ್ನಿಸಿತು. ನೂಲು ಕತ್ತರಿಸುವ ಟ್ರಿಮ್ಮರ್ ತೆಗೆದುಕೊಂಡೆ. ಆಗತಾನೇ ಮುಗಿಸಿದ ಅಂಗಿಯ ಕೊರಳಿಗೆ ಅದರ ಮೊನೆ ತೂರಿಸಿ ಹೊಲಿಗೆ ಬಿಚ್ಚಲು ಶುರು ಮಾಡಿದೆ. ಟಕ್, ಟಕ್, ಟಕ್.

"ಯಾಕಕ್ಕಾ, ತಪ್ಪಾಯ್ತಾ?" ಎಂದಳು ಪಕ್ಕದವಳು.

"ಹೂಂ. ಬೆಳಿಗ್ಗೆಯಿಂದ ತಪ್ಪನ್ನೇ ಹೊಲಿದಿದ್ದೀನಿ."

ಕಾಲರ್ ಕಳಚಿ ಬಂತು. ಅದನ್ನು ಒಂದು ಕಡೆ, ಅಂಗಿಯನ್ನು ಒಂದು ಕಡೆ ಇಟ್ಟೆ. ಇನ್ನೊಂದು ಅಂಗಿ ಎಳೆದುಕೊಂಡೆ. ಗಡಿಯಾರ ಓಡಿ ಬಂದ.

"ಏಯ್, ಏನ್ ಮಾಡ್ತಿದ್ದೀಯ? ಹುಚ್ಚು ಹಿಡಿದಿದ್ಯಾ?"

ನಾನು ಎದ್ದು ನಿಂತೆ. ಬಾಯಾಳಿ ಎಂದು ಹೆಸರಿಟ್ಟಿದ್ದನಲ್ಲ, ಆ ಹೆಸರಿಗೆ ಮೋಸ ಮಾಡಲಿಲ್ಲ.

"ಎಲ್ಲಾ ಕೇಳಿ ಇಲ್ಲಿ. ಇದು ಪರೀಕ್ಷೆ ಅಲ್ಲ. ಇದು ನಾನು ಕೆಲಸ ಮಾಡೋ ಕಾರ್ಖಾನೆ ಮಾಲು. ಈ ಕಾಲರ್ ಶುಕ್ರವಾರ ನಾನೇ ಹೊಲಿದಿದ್ದು. ಇವನು ಅಲ್ಲಿನ ಸೂಪರ್‌ವೈಸರು. ನಾಳೆ ಇದು ಲಾರಿಗೆ ಹೋಗ್ಬೇಕು. ನಮ್ಮನ್ನ ಕರೆದ್ರೆ ಓಟಿ ಕೊಡ್ಬೇಕಾಗುತ್ತೆ ಅಂತ ನಿಮ್ಮನ್ನ ಕರೆಸಿ ಬಿಟ್ಟಿ ಹೊಲಿಸ್ತಿದ್ದಾರೆ. ಇಲ್ಲಿ ಕಾಯಮ್ಮೂ ಇಲ್ಲ, ಕರ್ಮಾನೂ ಇಲ್ಲ."

ಕೆಲವು ಮಿಷನ್ನುಗಳು ನಿಂತವು. ಕೆಲವು ನಿಲ್ಲಲಿಲ್ಲ. ಎಲ್ಲರೂ ನನ್ನ ಪರವಾಗಿ ಎದ್ದು ನಿಂತರು ಎಂದು ಬರೆದರೆ ಅದು ಸುಳ್ಳಾಗುತ್ತದೆ. ಮೊದಲು ಬಂದದ್ದು ಬೈಗುಳವೇ. ಹಿಂದಿನಿಂದ ಒಬ್ಬಳು ಕೂಗಿದಳು.

"ನಿಂಗೆ ಆಗ್ಲೇ ಕೆಲಸ ಇದೆ. ಹೊಟ್ಟೆ ತುಂಬಿದೆ. ನಮ್ಮ ಅನ್ನಕ್ಕೆ ಯಾಕೆ ಕಲ್ಲು ಹಾಕ್ತೀಯ?"

"ಇಲ್ಲಿ ಅನ್ನಾನೇ ಇಲ್ಲ ಕಣವ್ವ. ಬರೀ ಕಲ್ಲು."

"ಇದ್ರೆ? ಒಬ್ರಿಗಾದ್ರೂ ಕೊಡೋದಾದ್ರೆ? ಅದು ನಾನೇ ಆಗಿದ್ರೆ?"

ಸ್ವಲ್ಪ ಹೊತ್ತಿನ ಮುಂಚೆ ನಾನೂ ಅದನ್ನೇ ಕೇಳಿಕೊಂಡು ಕೂತವಳು. ಗಡಿಯಾರನಿಗೆ ಧೈರ್ಯ ಬಂತು. "ಇವಳ ಮಾತು ಕೇಳಿ ಕೆಡಬೇಡಿ. ಇವಳನ್ನ ನಾವೇ ಕೆಲಸದಿಂದ ತೆಗೆದಿದ್ದೀವಿ. ಆ ಹೊಟ್ಟೆಕಿಚ್ಚು" ಎಂದ. ನನ್ನ ಕೆಲಸ ಹೋದದ್ದು ನನಗೆ ತಿಳಿದದ್ದು ಹಾಗೆ, ಇನ್ನೊಬ್ಬರಿಗೆ ಹೇಳಿದ ಸುಳ್ಳಿನಿಂದ.

ಆಗ ನೀರು ಸುರಿದುಕೊಂಡವಳು ಎದ್ದಳು. ಒದ್ದೆ ಬಟ್ಟೆ ಕಾಲಿಗೆ ಅಂಟಿಕೊಂಡಿತ್ತು. ಎಲ್ಲರೂ ನೋಡುತ್ತಿದ್ದರು. ಅವಳು ಮರೆಮಾಡಿಕೊಳ್ಳಲು ಹೋಗಲಿಲ್ಲ. ಸೆಂಟಿನವನ ಮುಂದೆ ಹೋಗಿ ನಿಂತಳು.

"ಸಾರ್, ಅವಳ ಮಾತು ಬಿಡಿ. ನೀವು ಹೇಳಿ. ಇವತ್ತು ನಮ್ಮಲ್ಲಿ ಎಷ್ಟು ಜನರನ್ನ ತಗೋತೀರಾ?"

"ಮೊದ್ಲು ಬಂಡಲ್ ಮುಗಿಸಿ ತಾಯಿ. ಆಮೇಲೆ ನೋಡೋಣ."

"ಮುಗಿಸ್ತೀವಿ. ಎಷ್ಟು ಜನ ಅಂತ ಹೇಳಿ ಸಾಕು. ಇಬ್ರಾ? ಒಬ್ರಾ?"

ಅವನು ಗಡಿಯಾರನ ಮುಖ ನೋಡಿದ. ಗಡಿಯಾರ ಕೈಗಡಿಯಾರ ನೋಡಿಕೊಂಡ. ಒಂದು ಅಂಕಿ ಹೇಳಲು ಇಬ್ಬರಿಗೂ ಆಗಲಿಲ್ಲ. ಸುಳ್ಳು ಅಂಕಿಯಾದರೂ ಹೇಳಬಹುದಿತ್ತು, ಆ ಹೊತ್ತಿಗೆ ಅದೂ ಹೊಳೆಯಲಿಲ್ಲ. ಆ ಹೆಂಗಸು ಸ್ವಲ್ಪ ಹೊತ್ತು ಕಾದಳು. ಆಮೇಲೆ ತನ್ನ ಜಾಗಕ್ಕೆ ಬಂದು, ಟ್ರಿಮ್ಮರ್ ತೆಗೆದುಕೊಂಡು, ತಾನು ಹೊಲಿದ ಮೊದಲ ಅಂಗಿಯನ್ನು ರಾಶಿಯ ಅಡಿಯಿಂದ ಎಳೆದುಕೊಂಡಳು.

ಮಿಷನ್ನುಗಳ ಸದ್ದು ಒಂದೊಂದಾಗಿ ನಿಂತಿತು. ಟಕ್ ಟಕ್ ಸದ್ದು ಶುರುವಾಯಿತು. ನನ್ನ ಪಕ್ಕದವಳು ಬಿಚ್ಚುತ್ತಿದ್ದಳು, ಕಣ್ಣೀರು ಒರೆಸಿಕೊಳ್ಳುತ್ತ ಬಿಚ್ಚುತ್ತಿದ್ದಳು. ಅನ್ನಕ್ಕೆ ಕಲ್ಲು ಎಂದು ಕೂಗಿದವಳು ನನ್ನನ್ನು ಬೈಯುತ್ತಲೇ ಬಿಚ್ಚುತ್ತಿದ್ದಳು. ಗಡಿಯಾರ ಪೊಲೀಸರನ್ನು ಕರೆಯುತ್ತೇನೆ ಎಂದು ಕಿರುಚಿದ. ಮಾಲು ಹಾಳು ಮಾಡಿದ್ದಕ್ಕೆ ಎಲ್ಲರೂ ಜೈಲಿಗೆ ಹೋಗುತ್ತೀರಿ ಎಂದ.

"ಮಾಲು ಹಾಳಾಗಿಲ್ಲ ಸಾರ್" ಎಂದೆ. "ಬೆಳಿಗ್ಗೆ ಹೆಂಗೆ ಕೊಟ್ರೋ ಹಂಗೇ ಇದೆ. ಎಣಿಸ್ಕೊಳ್ಳಿ. ಕಾಲರ್ ಒಂದು ಕಡೆ, ಅಂಗಿ ಒಂದು ಕಡೆ. ಬಟ್ಟೆ ನಿಮ್ದು. ಹೊಲಿಗೆ ನಮ್ದು. ಕೂಲಿ ಇಲ್ಲ ಅಂದ್ಮೇಲೆ ಹೊಲಿಗೆ ಯಾಕೆ ಬಿಟ್ಟು ಹೋಗ್ಬೇಕು?"

ಬಿಚ್ಚಲು ಹೊಲಿದಷ್ಟು ಹೊತ್ತು ಹಿಡಿಯಲಿಲ್ಲ, ಆದರೂ ಬಹಳ ಹೊತ್ತು ಹಿಡಿಯಿತು. ಬೆರಳು ನೊಂದವು. ನೆಲದ ತುಂಬ ನೂಲಿನ ತುಂಡುಗಳು. ನಾಲ್ಕೈದು ಜನ ಬಿಚ್ಚಲಿಲ್ಲ, ತಲೆ ತಗ್ಗಿಸಿ ಹೊಲಿಯುತ್ತಲೇ ಇದ್ದರು. ಅವರನ್ನು ನಾನು ಬೈಯುವುದಿಲ್ಲ. ಹೊರಡುವ ಮೊದಲು ಶುಕ್ರವಾರದ ನನ್ನ ಕಾಲರ್‌ಗಳನ್ನೂ ನೋಡಿದೆ. ಅವಕ್ಕೆ ಕೂಲಿ ಇತ್ತು, ಹಾಗಾಗಿ ಮುಟ್ಟಲಿಲ್ಲ. ಶಟರ್ ನಾವೇ ಎತ್ತಿಕೊಂಡೆವು. ಬುಟ್ಟಿಯಿಂದ ಫೋನುಗಳನ್ನು ನಾವೇ ತೆಗೆದುಕೊಂಡೆವು.

ಹೊರಗೆ ಇನ್ನೂ ಬೆಳಕಿತ್ತು. ಟಯರ್ ಅಂಗಡಿಯವರು ನಮ್ಮನ್ನೇ ನೋಡುತ್ತಿದ್ದರು. ಹೆಂಗಸರು ರಸ್ತೆಯ ಬದಿಯಲ್ಲಿ ಗುಂಪಾಗಿ ನಿಂತರು, ಮನೆಗೆ ಹೋಗಲು ಯಾರಿಗೂ ಕಾಲು ಬರಲಿಲ್ಲ. "ಈಗ ಏನ್ ಸಿಕ್ತು?" ಎಂದು ಪಕ್ಕದವಳು ಕೇಳಿದಳು. ಕೋಪದಿಂದ ಕೇಳಲಿಲ್ಲ, ನಿಜವಾಗಿಯೂ ತಿಳಿಯಬೇಕಾಗಿತ್ತು ಅವಳಿಗೆ. ಏನೂ ಸಿಗಲಿಲ್ಲ ಎಂದೆ. ನೀರು ಸುರಿದುಕೊಂಡವಳು, "ಇವತ್ತಿನ ದಿನದ ಕೂಲಿ ಕೇಳೋಣ. ಎಲ್ಲಿ ಕೇಳೋದು, ನಿನ್ನ ಕಾರ್ಖಾನೆ ಎಲ್ಲಿದೆ ಹೇಳು" ಎಂದಳು. ಹೇಳಿದೆ. ಬೆಳಿಗ್ಗೆ ಗೇಟು ತೆಗೆಯುವ ಹೊತ್ತಿಗೆ ಬರುತ್ತೇನೆ ಎಂದಳು. ಇನ್ನೂ ಕೆಲವರು ಬರುತ್ತೇವೆ ಎಂದರು. ಎಷ್ಟು ಜನ ನಿಜವಾಗಿ ಬರುತ್ತಾರೋ ನನಗೆ ಗೊತ್ತಿರಲಿಲ್ಲ.

ಬಸ್ಸಿಗೆ ಕಾಯುತ್ತ ಅಣ್ಣನ ಮನೆಗೆ ಫೋನು ಮಾಡಿದೆ. ಎತ್ತಿದ್ದು ಮಗಳು. ಪರೀಕ್ಷೆಗೆ ಹೋಗುತ್ತೇನೆಂದು ಅವಳಿಗೆ ಹೇಳಿದ್ದೆ.

"ಪಾಸಾ ಅಮ್ಮಾ?"

"ಇಲ್ಲ ಪುಟ್ಟಿ. ಕೆಲಸ ಸಿಗಲಿಲ್ಲ."

"ಮತ್ತೆ ಇರೋ ಕೆಲಸ?"

"ಅದೂ ಹೋಯ್ತು."

ಅಳುತ್ತಾಳೆ ಎಂದುಕೊಂಡೆ. ಏನು ಸಮಾಧಾನ ಹೇಳಲಿ ಎಂದು ಯೋಚಿಸುತ್ತಿದ್ದೆ.

"ಹಾಗಾದ್ರೆ ನಾಳೆ ನಿಂಗೆ ರಜಾನಾ?" ಎಂದಳು. ದನಿಯಲ್ಲಿ ಖುಷಿ ಇತ್ತು, ಅದನ್ನು ತಡೆಯಲು ನೋಡುತ್ತಿದ್ದಳು, ಆಗುತ್ತಿರಲಿಲ್ಲ. "ಸ್ಕೂಲ್ ಬಿಡೋ ಹೊತ್ತಿಗೆ ಬರ್ತೀಯಾ? ಎಲ್ಲರ ಅಮ್ಮನೂ ಬರ್ತಾರೆ. ನೀನು ಒಂದ್ಸಲಾನೂ ಬಂದಿಲ್ಲ."

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ನನ್ನ ಮಗುವಿಗೆ ಅಮ್ಮ ಸಿಗಬೇಕಾದರೆ ಅಮ್ಮನ ಅನ್ನ ಹೋಗಬೇಕು. ಯಾವನೋ ಕೂತು ಬದುಕನ್ನು ಹಾಗೆ ಹೊಲಿದಿಟ್ಟಿದ್ದಾನೆ. ಫೋನು ಹಿಡಿದ ಬೆರಳುಗಳು ಇನ್ನೂ ಉರಿಯುತ್ತಿದ್ದವು.

"ಬರ್ತೀನಿ" ಎಂದೆ. "ಬೆಳಿಗ್ಗೆ ಒಂದ್ಕಡೆ ಗೇಟಲ್ಲಿ ನಿಂತು ಕೂಲಿ ಕೇಳೋದಿದೆ. ಕೇಳಿ ಬರ್ತೀನಿ."

"ಕೊಡ್ತಾರಾ?"

"ಕೊಡಲ್ಲ."

"ಮತ್ಯಾಕೆ ಕೇಳ್ತೀಯ?"

"ನಾಳೆ ಕೇಳಿದ್ರೇನೇ ನಾಡಿದ್ದೂ ಕೇಳೋಕಾಗೋದು" ಎಂದೆ.